ಲುಕ್ಮಾನರ ಮನೆಮಾತು

ಮನೆಯಲ್ಲಿ ಯಾರಾದರೂ ಇಲ್ಲದ ರೋಗವನ್ನು ಇದೆಯೆಂದುಕೊಂಡು ಕೊರಗತೊಡಗಿದರೆ ನಮ್ಮ ನಾನಿಮಾ ಹೇಳುತ್ತಿದ್ದದ್ದು ಒಂದೇ ಮಾತು: ‘ವಹಮಿಗೆ ಲುಕ್ಮಾನ್ ಹಕೀಮರ ಹತ್ತಿರವೂ ಮದ್ದಿಲ್ಲ.’ ಉರ್ದು ಆಡುವ ಮನೆಗಳಲ್ಲೆಲ್ಲ ಓಡಾಡುವ ಗಾದೆ ಇದು. ವಹಮು ಎಂದರೆ ಭ್ರಮೆ. ರಾತ್ರಿ ಕರೆಂಟು ಹೋದಾಗ ಆಕೆ ಲುಕ್ಮಾನರ ಕಥೆಗಳನ್ನೂ ಹೇಳುವಳು. ಅವರು ಕಾಡಿನಲ್ಲಿ ನಡೆದು ಹೋಗುತ್ತಿದ್ದರೆ ಗಿಡಬಳ್ಳಿಗಳು ಬಾಯಿಬಿಟ್ಟು ‘ನಾನು ಕೆಮ್ಮಿಗೆ ಮದ್ದು, ನಾನು ಕಣ್ಣುಬೇನೆಗೆ ಮದ್ದು’ ಎನ್ನುತ್ತಿದ್ದವಂತೆ. ನನ್ನ ಕಣ್ಣಮುಂದೆ ಬರುತ್ತಿದ್ದ ಲುಕ್ಮಾನರು ಯುನಾನಿ ಔಷಧಿ ಡಬ್ಬಿಯ ಮೇಲಿನ ಚಿತ್ರದಂತಿದ್ದರು. ಕೆಂಪನೆಯ ಮೈಬಣ್ಣ, ನೀಳ ಮೂಗು, ಬೆಳ್ಳನೆಯ ಗಡ್ಡ.

ಮೂವತ್ತು ದಾಟಿದ ಮೇಲೆ ಒಂದು ರಂಜಾನಿನಲ್ಲಿ ಇಬ್ನ್ ಕಸೀರರ ತಫ್ಸೀರಿನ ಉರ್ದು ಅನುವಾದ ಓದುತ್ತಿದ್ದೆ. ಕುರ್‌ಆನಿನ 31ನೇ ಅಧ್ಯಾಯಕ್ಕೆ ಲುಕ್ಮಾನರದೇ ಹೆಸರು. ಅಲ್ಲಿನ ವ್ಯಾಖ್ಯಾನದಲ್ಲಿ ಹಿಂದಿನವರ ಮಾತುಗಳನ್ನು ಸಂಗ್ರಹಿಸಿದ್ದಾರೆ. ಲುಕ್ಮಾನರು ಹಬಶಿ ಗುಲಾಮರಾಗಿದ್ದರು, ಬಡಗಿಯಾಗಿದ್ದರು ಎಂದು ಒಬ್ಬರು ಹೇಳುತ್ತಾರೆ. ಗಿಡ್ಡನೆಯವರು, ಚಪ್ಪಟೆ ಮೂಗಿನವರು, ನೂಬಿಯಾದವರು ಎಂದು ಇನ್ನೊಬ್ಬರು. ತನ್ನ ಕಪ್ಪು ಬಣ್ಣಕ್ಕೆ ನೊಂದಿದ್ದ ಒಬ್ಬಾತನಿಗೆ ಸಈದ್ ಬಿನ್ ಮುಸಯ್ಯಿಬ್ ಸಮಾಧಾನ ಹೇಳಿದ ಪ್ರಸಂಗವೂ ಅಲ್ಲಿದೆ. ಮನುಷ್ಯರಲ್ಲಿ ಶ್ರೇಷ್ಠರಾದ ಮೂವರು ಕಪ್ಪು ಜನರೇ ಆಗಿದ್ದರು ಎಂದು ಅವರು ನೆನಪಿಸುತ್ತಾರೆ. ಬಿಲಾಲರು, ಹಜರತ್ ಉಮರರು ಬಿಡುಗಡೆ ಮಾಡಿದ ಮಿಹ್ಜಾ, ಮತ್ತು ನೂಬಿಯಾದ ಲುಕ್ಮಾನರು.

ಪುಸ್ತಕ ಮಡಚಿಟ್ಟೆ. ಬಿಲಾಲರು ಕಪ್ಪು ಎಂಬುದು ನಮ್ಮ ಮಕ್ಕಳಿಗೆಲ್ಲ ಗೊತ್ತು. ಲುಕ್ಮಾನರನ್ನು ಬಿಳುಪು ಮಾಡಿದವರು ಯಾರು? ನಾನಿಮಾಳದು ತಪ್ಪಲ್ಲ. ಆಕೆ ಮೈಬಣ್ಣದ ಮಾತನ್ನೇ ಎತ್ತಿರಲಿಲ್ಲ. ಬಣ್ಣ ಬಳಿದುಕೊಂಡವರು ಕೇಳಿದ ನಾವು.

ನೂಬಿಯಾ ಎಲ್ಲಿದೆ ಎಂದು ಹುಡುಕಹೊರಟದ್ದು ಹೀಗೆ. ಇಂದಿನ ಭೂಪಟದಲ್ಲಿ ಆ ಹೆಸರಿನ ದೇಶವಿಲ್ಲ. ಈಜಿಪ್ಟಿನ ದಕ್ಷಿಣ ತುದಿಯ ಅಸ್ವಾನಿನಿಂದ ಸುಡಾನಿನ ರಾಜಧಾನಿ ಖಾರ್ತೂಮಿನವರೆಗೆ ನೈಲ್ ನದಿ ಆರು ಕಡೆ ಬಂಡೆಗಳ ನಡುವೆ ಸೀಳಿಕೊಂಡು ಹರಿಯುತ್ತದೆ. ಈ ಆರು ಪ್ರಪಾತಗಳ ನಾಡೇ ನೂಬಿಯಾ. ಎರಡೂ ಬದಿಗೆ ಮರುಭೂಮಿ, ನಡುವೆ ದಾರದಂಥ ಹಸಿರು ಪಟ್ಟಿ. ಖರ್ಜೂರದ ಮರಗಳು, ಎತ್ತು ಕಟ್ಟಿ ತಿರುಗಿಸುವ ನೀರಿನ ಚಕ್ರ, ಮಣ್ಣಿನ ಮನೆಗಳು. ಈಗ ಆ ಜನ ಎರಡು ದೇಶಗಳಲ್ಲಿ ಹಂಚಿಹೋಗಿದ್ದಾರೆ.

ಒಂದು ಕಾಲಕ್ಕೆ ಅವರೇ ದೊರೆಗಳು. ಕ್ರಿಸ್ತಪೂರ್ವ 2500ರ ಸುಮಾರಿಗೆ ಕೆರ್ಮಾ ಎಂಬಲ್ಲಿ ಅವರ ರಾಜ್ಯ ತಲೆಯೆತ್ತಿತು. ಆಮೇಲೆ ಕುಶ್ ಎಂಬ ಹೆಸರು ಬಂತು. ಕ್ರಿಸ್ತಪೂರ್ವ ಎಂಟನೇ ಶತಮಾನದಲ್ಲಿ ಕುಶ್ ದೊರೆ ಪಿಯೆ ಉತ್ತರಕ್ಕೆ ದಂಡೆತ್ತಿ ಹೋಗಿ ಈಜಿಪ್ಟನ್ನೇ ಗೆದ್ದ. ಅವನ ವಂಶದವರು, ಅವರಲ್ಲಿ ಹೆಸರಾದ ತಹಾರ್ಕನೂ ಸೇರಿ, ಫರೋಗಳಾಗಿ ಆಳಿದರು. ಚರಿತ್ರೆಯ ಪುಸ್ತಕಗಳು 25ನೇ ರಾಜವಂಶ ಎನ್ನುವುದು ಇವರನ್ನೇ. ಅಸ್ಸೀರಿಯನ್ನರ ದಾಳಿಗೆ ಸಿಕ್ಕಿ ದಕ್ಷಿಣಕ್ಕೆ ಸರಿದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಮೆರೋಯಿಯಲ್ಲಿ ಕಬ್ಬಿಣ ಕರಗಿಸಿದರು, ತಮ್ಮದೇ ಲಿಪಿ ಕಟ್ಟಿಕೊಂಡರು, ಕಡಿದಾದ ಪಿರಮಿಡ್‌ಗಳನ್ನು ಎತ್ತಿದರು. ಈಜಿಪ್ಟಿಗಿಂತ ಸುಡಾನಿನಲ್ಲೇ ಪಿರಮಿಡ್‌ಗಳ ಸಂಖ್ಯೆ ಹೆಚ್ಚು. ಅವು ಇನ್ನೂರನ್ನು ಮೀರುತ್ತವೆ.

ಕಂದಾಕೆ ಎಂಬ ಬಿರುದಿನ ರಾಣಿಯರು ಅಲ್ಲಿ ಆಳಿದರು. ಅವರಲ್ಲೊಬ್ಬಳಾದ ಅಮನಿರೇನಸಳ ಕಾಲದಲ್ಲಿ, ಕ್ರಿಸ್ತಪೂರ್ವ 25ರ ಹೊತ್ತಿಗೆ, ಕುಶ್ ಸೇನೆ ರೋಮನ್ನರ ಮೇಲೆ ಬಿದ್ದು ಚಕ್ರವರ್ತಿ ಆಗಸ್ಟಸನ ಪ್ರತಿಮೆಗಳನ್ನು ಹೊತ್ತೊಯ್ದಿತು. 1910ರಲ್ಲಿ ಮೆರೋಯಿಯ ಒಂದು ಗುಡಿಯ ಮೆಟ್ಟಿಲ ಕೆಳಗೆ ಆಗಸ್ಟಸನ ಕಂಚಿನ ತಲೆ ಸಿಕ್ಕಿತು. ಬಂದುಹೋಗುವವರೆಲ್ಲ ತುಳಿಯಲಿ ಎಂದೇ ಹೂತಿದ್ದಿರಬೇಕು. ಈಗ ಅದು ಬ್ರಿಟಿಷ್ ಮ್ಯೂಸಿಯಮ್ಮಿನ ಗಾಜಿನ ಹಿಂದಿದೆ.

ಇಷ್ಟನ್ನೂ ಅಗೆದು ತೆಗೆದ ವಿದ್ವಾಂಸರಿಗೆ ಇದು ಕಪ್ಪು ಜನರ ಕೆಲಸ ಎಂದು ಒಪ್ಪುವುದು ಕಷ್ಟವಾಯಿತು. ಕೆರ್ಮಾವನ್ನು ಅಗೆದ ಅಮೆರಿಕದ ಜಾರ್ಜ್ ರೈಸ್ನರ್ ಅದನ್ನು ಈಜಿಪ್ಟಿನವರ ಠಾಣ್ಯವೆಂದು ಬರೆದ. ಕುಶ್ ದೊರೆಗಳಿಗೆ ಲಿಬಿಯಾದ ತಿಳಿಬಣ್ಣದ ಪೂರ್ವಜರನ್ನು ಅಂಟಿಸಿದ. ಲುಕ್ಮಾನರಿಗೆ ನಾನು ಬಾಲ್ಯದಲ್ಲಿ ಮಾಡಿದ್ದನ್ನೇ ಈ ದೊಡ್ಡ ವಿದ್ವಾಂಸ ಒಂದು ಇಡೀ ಜನಾಂಗಕ್ಕೆ ಮಾಡಿದ್ದ.

ನನ್ನ ಜಿಲ್ಲೆಗೂ ಇಲ್ಲೊಂದು ಎಳೆ ಸಿಕ್ಕಿತು. 1962ರಲ್ಲಿ ಬಿ.ಬಿ. ಲಾಲ್ ಅವರ ನೇತೃತ್ವದಲ್ಲಿ ಭಾರತದ ಪುರಾತತ್ವ ತಂಡವೊಂದು ನೂಬಿಯಾಕ್ಕೆ ಹೋಗಿ ಅಫಿಯೆ, ತುಮಾಸ್ ಎಂಬಲ್ಲಿ ಅಗೆಯಿತು. ಅಲ್ಲಿನ ಹಳೆಯ ಗೋರಿಗಳು, ಒಳಗೆಲ್ಲ ಕಪ್ಪು ಹೊರಗೆ ಕೆಂಪಾದ ಮಡಕೆಗಳು ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳನ್ನು ಹೋಲುತ್ತವೆ ಎಂದು ಲಾಲ್ ಗುರುತಿಸಿದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ವೀಲರ್ 1947ರಲ್ಲಿ ತೆಗೆದದ್ದು ಅಂಥವೇ ಮಡಕೆಗಳು. ಶಾಲೆಯ ಪ್ರವಾಸದಲ್ಲಿ ಆ ಕಲ್ಲುಗಳ ಮೇಲೆ ಕೂತು ನಾವು ಬುತ್ತಿ ಬಿಚ್ಚಿದ್ದೆವು. ಎರಡರ ಕಾಲ ಬೇರೆ. ಮಡಕೆ ಹೋತಿತೆಂದು ನೆಂಟಸ್ತನ ಸಾಬೀತಾಗುವುದಿಲ್ಲ. ಆದರೂ ಓದುವಾಗ ಖುಷಿಯಾಯಿತು.

* * *

ಖುಷಿಯಾಗದ ಸಂಗತಿಗಳೂ ಇದ್ದವು. ಅವುಗಳನ್ನು ದಾಟಿ ಹೋಗುವುದು ಸರಿಯಲ್ಲ.

ಆರನೇ ಶತಮಾನದಲ್ಲಿ ನೂಬಿಯನ್ನರು ಕ್ರೈಸ್ತರಾಗಿದ್ದರು. ಈಜಿಪ್ಟ್ ಮುಸ್ಲಿಮರ ಆಳ್ವಿಕೆಗೆ ಬಂದ ಮೇಲೆ ಅರಬ್ ಸೇನೆ ಡಾಂಗೊಲಾದವರೆಗೆ ಹೋಯಿತು, ಗೆಲ್ಲಲಾಗಲಿಲ್ಲ. ನೂಬಿಯನ್ ಬಿಲ್ಲುಗಾರರು ಕಣ್ಣಿಗೇ ಗುರಿಯಿಟ್ಟು ಹೊಡೆಯುತ್ತಿದ್ದರು. ಅರಬ್ ಚರಿತ್ರೆಕಾರರು ಅವರಿಗೆ ‘ರುಮಾತುಲ್ ಹದಕ್’ ಎಂದು ಹೆಸರಿಟ್ಟರು, ಕಣ್ಣಪಾಪೆಗೆ ಹೊಡೆಯುವವರು ಎಂದು. ಕೊನೆಗೆ 652ರಲ್ಲಿ ಒಪ್ಪಂದವಾಯಿತು. ಅದರ ಹೆಸರು ಬಕ್ತ್. ಸುಮಾರು ಆರುನೂರು ವರ್ಷ ಬಾಳಿದ ಒಪ್ಪಂದ ಅದು. ಎರಡು ಧರ್ಮಗಳ ರಾಜ್ಯಗಳು ಅಷ್ಟು ಕಾಲ ಹೆಚ್ಚಿನಂಶ ಶಾಂತಿಯಿಂದ ಅಕ್ಕಪಕ್ಕ ಇದ್ದವು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಆದರೆ ಒಪ್ಪಂದದಲ್ಲಿ ಏನಿತ್ತು? ಹದಿನೈದನೇ ಶತಮಾನದ ಮಕ್ರೀಜಿ ಕೊಡುವ ಪಾಠದಲ್ಲಿ ಎರಡು ಷರತ್ತುಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಡಾಂಗೊಲಾದಲ್ಲಿ ಮುಸ್ಲಿಮರು ಕಟ್ಟಿಕೊಂಡ ಮಸೀದಿಯನ್ನು ನೂಬಿಯನ್ನರು ಕಾಪಾಡಬೇಕು, ಗುಡಿಸಬೇಕು, ಅದರ ದೀಪ ಹಚ್ಚಬೇಕು ಎಂಬುದು ಒಂದು. ವರ್ಷಕ್ಕೆ 360 ಗುಲಾಮರನ್ನು ಕೊಡಬೇಕು ಎಂಬುದು ಇನ್ನೊಂದು. ಬದಲಿಗೆ ಈಜಿಪ್ಟಿನಿಂದ ಧಾನ್ಯ, ಬಟ್ಟೆ ಹೋಗುತ್ತಿತ್ತು. ಮಕ್ರೀಜಿಯ ಪಾಠ ಎಷ್ಟು ಮೂಲದ್ದು ಎಂದು ವಿದ್ವಾಂಸರು ವಾದಿಸುತ್ತಾರೆ. ಆದರೆ ಗುಲಾಮರ ವಿಷಯದಲ್ಲಿ ಅನುಮಾನಕ್ಕೆ ಎಡೆಯಿಲ್ಲ. 1972ರಲ್ಲಿ ಕಸ್ರ್ ಇಬ್ರೀಮ್ ಎಂಬ ಕೋಟೆಯಲ್ಲಿ 758ರ ಒಂದು ಪತ್ರ ಸಿಕ್ಕಿತು. ಈಜಿಪ್ಟಿನ ಗವರ್ನರ್ ಮೂಸಾ ಬಿನ್ ಕಅಬ್ ನೂಬಿಯಾದ ದೊರೆಗೆ ಬರೆದದ್ದು. ನೀವು ಬಾಕಿ ಸರಿಯಾಗಿ ಕೊಡುತ್ತಿಲ್ಲ, ಕಳಿಸಿದವರಲ್ಲೂ ಒಕ್ಕಣ್ಣರು, ಕುಂಟರು, ಕೈಲಾಗದ ಮುದುಕರು, ಎಳೆಯ ಹುಡುಗರು ಇದ್ದಾರೆ ಎಂಬುದು ದೂರು.

ಬಿಸ್ಮಿಲ್ಲಾದಿಂದ ಶುರುವಾಗುವ ಪತ್ರ ಅದು. ಕಥೆ ಬರೆಯುವ ನನಗೆ ಅದರಲ್ಲಿ ಕಂಡದ್ದು ಗವರ್ನರನೂ ಅಲ್ಲ, ದೊರೆಯೂ ಅಲ್ಲ. ಹೊರೆ ಹೊರಲಾರನೆಂದು ಲೆಕ್ಕದಲ್ಲಿ ತೆಗೆದುಹಾಕಲಾದ ಆ ಎಳೆಯ ಹುಡುಗ. ಅವನನ್ನು ವಾಪಸು ಕಳಿಸಿದರೋ, ಅಲ್ಲೇ ಇಟ್ಟುಕೊಂಡರೋ? ಗುಲಾಮರಾಗಿದ್ದ ಲುಕ್ಮಾನರ ಹೆಸರಿನ ಅಧ್ಯಾಯವನ್ನು ಓದುವವರು, ಗುಲಾಮನ ಬಿಡುಗಡೆಯನ್ನು ಪುಣ್ಯಕಾರ್ಯ ಎಂದು ಕಲಿತವರು, ಲುಕ್ಮಾನರ ನಾಡಿನ ಮಕ್ಕಳನ್ನೇ ಎಣಿಸಿ ತರಿಸಿಕೊಂಡರು. ಮಸೀದಿಯ ದೀಪದ ಷರತ್ತನ್ನು ಮಾತ್ರ ಎತ್ತಿ ಹೇಳಿ ಹುಡುಗನ ಷರತ್ತನ್ನು ಮರೆಮಾಡಿದರೆ ನಾವು ಅಲ್ಲಾಹನಿಗೆ ಸುಳ್ಳು ಹೇಳಿದಂತೆ.

ಇಸ್ಲಾಮ್ ಅಲ್ಲಿ ನಿಧಾನವಾಗಿ ಬಂತು. ವ್ಯಾಪಾರಿಗಳ ಜೊತೆ ಬಂತು, ಮದುವೆಗಳ ಮೂಲಕ ಬಂತು, ಮಮ್ಲೂಕರ ದಂಡಯಾತ್ರೆಗಳ ಬೆನ್ನಿಗೂ ಬಂತು. 1317ರಲ್ಲಿ ಡಾಂಗೊಲಾದ ಅರಸರ ಸಿಂಹಾಸನದ ಕಟ್ಟಡವೇ ಮಸೀದಿಯಾಯಿತು. 1969ರವರೆಗೂ ಅಲ್ಲಿ ನಮಾಜು ನಡೆಯುತ್ತಿತ್ತು. ಜನ ಮುಸ್ಲಿಮರಾದರು, ಆದರೆ ಅರಬರಾಗಲಿಲ್ಲ. ನಮಾಜು ಅರಬ್ಬಿಯಲ್ಲಿ, ಮನೆಯ ಮಾತು ನೂಬಿಯನ್ನಿನಲ್ಲಿ. ವಲಿಗಳ ಗೋರಿಗೆ ಹರಕೆ ಹೊತ್ತರು, ಹಾಗೆಯೇ ನದಿಯೊಳಗಿನ ಜನರಿಗೆಂದು ನೈಲಿಗೆ ತಿಂಡಿಯನ್ನೂ ಅರ್ಪಿಸಿದರು. ಈಜಿಪ್ಟಿನ ಮೊದಲ ದೊಡ್ಡ ಸೂಫಿ, ಒಂಬತ್ತನೇ ಶತಮಾನದ ಜುನ್ನೂನ್ ಮಿಸ್ರಿಯವರ ತಂದೆ ನೂಬಿಯನ್. ಅತ್ತಾರರ ‘ತಜ್ಕಿರತುಲ್ ಔಲಿಯಾ’ದಲ್ಲಿ ಅವರ ಬಗ್ಗೆ ಓದಿದ್ದೆ. ಅವರ ಹೆಸರಿನ ಕೊನೆಯ ಮಿಸ್ರಿ ಎಂಬುದನ್ನಷ್ಟೇ ನೋಡಿ ಅವರನ್ನೂ ಪೂರ್ತಿ ಈಜಿಪ್ಟಿಗೇ ಬರೆದುಕೊಟ್ಟಿದ್ದೆ.

* * *

ಹೀಗೆ ಮೂರು ಧರ್ಮಗಳ ಕಾಲವನ್ನು ಕಂಡು ಉಳಿದುಬಂದ ನಾಡನ್ನು ಮುಳುಗಿಸಿದ್ದು ಯಾವ ದಂಡೂ ಅಲ್ಲ, ಅಣೆಕಟ್ಟು.

ಬ್ರಿಟಿಷರು 1902ರಲ್ಲಿ ಅಸ್ವಾನಿನಲ್ಲಿ ಮೊದಲ ಅಣೆಕಟ್ಟು ಕಟ್ಟಿದರು. 1912ರಲ್ಲಿ, ಮತ್ತೆ 1933ರಲ್ಲಿ ಎತ್ತರಿಸಿದರು. ಪ್ರತಿ ಸಲವೂ ಹೊಲ, ಖರ್ಜೂರದ ತೋಟ ನೀರು ಪಾಲಾದವು. ಜನ ಮನೆಯನ್ನು ಇನ್ನಷ್ಟು ಮೇಲೆ ಕಟ್ಟಿಕೊಂಡರು. ಗಂಡಸರು ಕೈರೋ, ಅಲೆಕ್ಸಾಂಡ್ರಿಯಾಗಳಿಗೆ ಹೋಗಿ ಬಾಗಿಲು ಕಾಯುವವರು, ಅಡುಗೆಯವರು ಆದರು. ಈಜಿಪ್ಟಿನ ಹಳೆಯ ಸಿನಿಮಾಗಳಲ್ಲಿ ನೂಬಿಯನ್ ಎಂದರೆ ತಮಾಷೆಯ ಅರಬ್ಬಿ ಮಾತಾಡುವ ಬಾಗಿಲ ಕಾವಲಿನವನು. ಊರು ನಡೆಸಿದವರು ಹೆಂಗಸರು. ಮಣ್ಣಿನ ಗೋಡೆಗೆ ಬಣ್ಣದ ಚಿತ್ತಾರ ಬರೆದು, ಬಾಗಿಲ ಸುತ್ತ ಪಿಂಗಾಣಿ ತಟ್ಟೆಗಳನ್ನು ಒತ್ತಿ ಅಲಂಕರಿಸಿ, ದೂರದ ಗಂಡಂದಿರಿಗೆ ಕಾದರು. ಮರದ ಆಸರೆ ಇಲ್ಲದೆ ಬರಿ ಮಣ್ಣಿನ ಇಟ್ಟಿಗೆಯಲ್ಲಿ ಕಮಾನು ಏರಿಸುವ ವಿದ್ಯೆ ಅಲ್ಲಿನ ಮೇಸ್ತ್ರಿಗಳಿಗಿತ್ತು. ಹೆಸರಾಂತ ವಾಸ್ತುಶಿಲ್ಪಿ ಹಸನ್ ಫತಹಿ ಅದನ್ನು ಕಲಿತದ್ದು ಅವರಿಂದಲೇ.

ನಾಸಿರ್ ಕಾಲದ ದೊಡ್ಡ ಅಣೆಕಟ್ಟಿನ ಕೆಲಸ 1960ರಲ್ಲಿ ಶುರುವಾಯಿತು, 1970ರಲ್ಲಿ ಮುಗಿಯಿತು. ಸುಮಾರು 500 ಕಿಲೋಮೀಟರ್ ಉದ್ದದ ಸರೋವರ ನಿಂತಿತು. ಈಜಿಪ್ಟಿನಲ್ಲಿ ಅದಕ್ಕೆ ನಾಸಿರ್ ಸರೋವರ ಎಂದು ಹೆಸರು, ಸುಡಾನಿನ ಭಾಗಕ್ಕೆ ನೂಬಿಯಾ ಸರೋವರ ಎಂದು. ನಾಡು ಹೋಗಿ ನೀರಿಗೆ ಹೆಸರು ಉಳಿಯಿತು. ಎರಡೂ ದೇಶಗಳಲ್ಲಿ ಸುಮಾರು ಐವತ್ತೈವತ್ತು ಸಾವಿರ ಜನರನ್ನು ಎಬ್ಬಿಸಿದರು.

ಈಜಿಪ್ಟಿನವರನ್ನು 1963-64ರಲ್ಲಿ ಕೋಮ್ ಓಂಬೊ ಎಂಬಲ್ಲಿಗೆ ಸಾಗಿಸಿದರು. ನದಿ ಕಾಣದ ಬಯಲು, ಸಾಲಾಗಿ ನಿಂತ ಒಂದೇ ನಮೂನೆಯ ಇಕ್ಕಟ್ಟಾದ ಮನೆಗಳು. ಎಷ್ಟೋ ಮನೆಗಳು ಇನ್ನೂ ಮುಗಿದಿರಲೂ ಇಲ್ಲ. ಮೊದಲ ವರ್ಷಗಳಲ್ಲಿ ಮಕ್ಕಳು, ಮುದುಕರು ಬಹಳ ಸಂಖ್ಯೆಯಲ್ಲಿ ತೀರಿಕೊಂಡರು. ಸುಡಾನಿನ ವಾದಿ ಹಲ್ಫಾ ಪ್ರದೇಶದವರನ್ನು ದೂರದ ಪೂರ್ವಕ್ಕೆ, ಖಷ್ಮ್ ಅಲ್ ಗಿರ್ಬಾ ಎಂಬ ಮಳೆಯ ಸೀಮೆಗೆ ಒಯ್ದರು. ಆ ಜಾಗ ಬೇಡವೆಂದು ಅವರು 1960ರಲ್ಲೇ ಬೀದಿಗಿಳಿದಿದ್ದರು, ಯಾರೂ ಕೇಳಲಿಲ್ಲ. 1964ರ ಜನವರಿ 6ರಂದು ಮೊದಲ ರೈಲು ಫರಸ್‌ನಿಂದ ಹೊರಟಿತು. ಸ್ಥಳಾಂತರದ ಹೊಣೆ ಹೊತ್ತಿದ್ದ ಅಧಿಕಾರಿ ಹಸನ್ ದಫಅಲ್ಲಾ ಆ ವಲಸೆಯ ಕುರಿತು ಒಂದು ಪುಸ್ತಕವನ್ನೇ ಬರೆದರು. ಹೊರಡುವ ಮುನ್ನ ಜನ ಮಾಡಿದ ಕೆಲಸ ಕಬರಸ್ತಾನಕ್ಕೆ ಹೋಗಿ ಬಂದದ್ದು. ಬದುಕಿರುವವರಿಗೆ ರೈಲಿನಲ್ಲಿ ಜಾಗವಿತ್ತು, ಸತ್ತವರಿಗೆ ಇರಲಿಲ್ಲ. ಕೆಲವರು ಮಾತ್ರ ರೈಲು ಹತ್ತಲೇ ಇಲ್ಲ. ನೀರು ಏರಿದಂತೆಲ್ಲ ಗುಡಿಸಲು ಕಿತ್ತು ಹಿಂದಕ್ಕೆ ಹಾಕಿದರು, ಮತ್ತೆ ಏರಿದಾಗ ಮತ್ತೆ ಕಿತ್ತರು. ಇಂದಿನ ವಾದಿ ಹಲ್ಫಾ ಊರು ಆ ಹಟಮಾರಿಗಳದು.

ಅದೇ ಸಮಯದಲ್ಲಿ ಜಗತ್ತು ಅಬು ಸಿಂಬೆಲ್ ಗುಡಿಗಳನ್ನು ಉಳಿಸಲು ಓಡೋಡಿ ಬಂತು. 1964ರಿಂದ 1968ರವರೆಗೆ ಆ ಗುಡಿಗಳನ್ನು ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು, ಪ್ರತಿ ತುಂಡಿಗೂ ನಂಬರು ಹಾಕಿ, 65 ಮೀಟರ್ ಮೇಲಕ್ಕೆ ಸಾಗಿಸಿ, ಮೊದಲಿದ್ದಂತೆಯೇ ಜೋಡಿಸಿದರು. ಇನ್ನು ಕೆಲವು ಗುಡಿಗಳು ನ್ಯೂಯಾರ್ಕ್, ಮ್ಯಾಡ್ರಿಡ್, ಟುರಿನ್, ಲೈಡನ್ ನಗರಗಳಿಗೆ ಉಡುಗೊರೆಯಾಗಿ ಹೋದವು. ಯುನೆಸ್ಕೊ ಮಾಡಿದ್ದು ದೊಡ್ಡ ಕೆಲಸವೇ. ನಾನು ಆ ಕಲ್ಲುಗಳನ್ನು ಹೊಟ್ಟೆಕಿಚ್ಚಿನಿಂದ ನೋಡುವುದಿಲ್ಲ. ಆದರೆ ಒಂದು ಕಲ್ಲನ್ನು ಎಲ್ಲಿಂದ ತೆಗೆದೆವು, ಅದರ ಪಕ್ಕದಲ್ಲಿ ಯಾವ ಕಲ್ಲಿತ್ತು ಎಂಬ ಕಾಳಜಿ ಮನುಷ್ಯರ ಪಾಲಿಗೂ ಅಷ್ಟೇ ಸಿಕ್ಕಿದ್ದರೆ ಎನಿಸುತ್ತದೆ.

ಅಣೆಕಟ್ಟಿನ ಸುದ್ದಿ ಬಂದಾಗ ರೈಲ್ವೆಯಲ್ಲಿ ಎಂಜಿನಿಯರ್ ಆಗಿದ್ದ ತೋಷ್ಕಾ ಊರಿನ ಹಮ್ಜಾ ಅಲ್ ದೀನ್ ಕೆಲಸ ಬದಿಗಿಟ್ಟು ಹಳ್ಳಿಹಳ್ಳಿ ತಿರುಗಿ ಜನರಿಗೆ ಎಚ್ಚರಿಕೆ ಹೇಳಿದ್ದರು. ಕೈಯಲ್ಲಿ ಊದ್ ಎಂಬ ತಂತಿವಾದ್ಯ. ಮುಂದೆ ಅವರು ಅಮೆರಿಕಕ್ಕೆ ಹೋಗಿ ಲೋಕಪ್ರಸಿದ್ಧರಾದರು, 2006ರಲ್ಲಿ ಅಲ್ಲೇ ತೀರಿಕೊಂಡರು. 1971ರಲ್ಲಿ ಬಂದ ಅವರ ಧ್ವನಿಮುದ್ರಿಕೆಯ ಹೆಸರು ‘ಎಸ್ಕಲೇ’, ಅಂದರೆ ನೀರಿನ ಚಕ್ರ. ಮೊಬೈಲಿನಲ್ಲಿ ಕೇಳಿದ್ದೇನೆ. ಒಂದೇ ಗತಿ ಸುತ್ತಿ ಸುತ್ತಿ ಬರುತ್ತದೆ, ಚಕ್ರದ ಮೇಲೆ ಕೂತು ಎತ್ತು ಹೊಡೆಯುವ ಹುಡುಗನಿಗೆ ತೂಕಡಿಕೆ ಬಂದ ಹಾಗೆ. ಆ ಚಕ್ರ ನಿಂತಿದ್ದ ದಡ ನೀರಿನ ತಳದಲ್ಲಿದೆ.

* * *

ಇಷ್ಟು ಓದಿದ ಮೇಲೆ ನನ್ನನ್ನು ಹೆಚ್ಚು ಕಾಡಿದ್ದು ಅವರ ಭಾಷೆ. ಅದಕ್ಕೆ ಕಾರಣವಿದೆ.

ನಮ್ಮ ಮನೆಯಲ್ಲಿ ಆಡುವುದು ದಖನಿ. ಉರ್ದು ಶಾಲೆಯ ಮೂರನೇ ತರಗತಿಯಲ್ಲಿ ನಾನು ‘ನಹೀಂ ಚಾಹಿಯೆ’ ಎನ್ನುವ ಬದಲು ‘ನಕ್ಕೋ’ ಎಂದುಬಿಟ್ಟೆ. ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿ ಹತ್ತು ಸಲ ‘ನಕ್ಕೋ’ ಹೇಳಿಸಿದರು. ಪ್ರತಿ ಸಲವೂ ತರಗತಿ ನಕ್ಕಿತು. ನಕ್ಕವರ ಮನೆಗಳಲ್ಲೂ ‘ನಕ್ಕೋ’ ಎಂದೇ ಹೇಳುತ್ತಿದ್ದರು. ‘ಇದು ಭಾಷೆಯಲ್ಲ, ಬಾಯಿಯ ಕೊಳೆ’ ಎಂದರು ಮಾಸ್ತರರು. ಅಂದಿನಿಂದ ಶಾಲೆಯಲ್ಲಿ ಉರ್ದು, ಆಮೇಲೆ ಹೈಸ್ಕೂಲಿನಲ್ಲಿ ಕನ್ನಡ, ಬರವಣಿಗೆಯೂ ಕನ್ನಡ. ಎರಡೂ ನನಗೆ ಅನ್ನ ಕೊಟ್ಟಿವೆ, ಎರಡನ್ನೂ ಪ್ರೀತಿಸುತ್ತೇನೆ. ಆದರೆ ಅಮ್ಮಿಯ ಬಾಯಲ್ಲಿ ಕೇಳಿದ್ದನ್ನು ಅಮ್ಮಿಯ ಮಾತಿನಲ್ಲಿ ಒಂದು ಸಾಲೂ ಬರೆದಿಲ್ಲ. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ದಖನಿಯಲ್ಲಿ ದೊಡ್ಡ ಕಾವ್ಯಗಳು ಹುಟ್ಟಿದ್ದವೆಂದು ನನಗೆ ಗೊತ್ತಾದದ್ದು ಕಾಲೇಜು ಮುಗಿದ ಮೇಲೆ.

ಸುಡಾನಿನ ಶಾಲೆಗಳಲ್ಲಿ ನೂಬಿಯನ್ ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಅರಬ್ಬಿಯಲ್ಲದ ಮಾತುಗಳಿಗೆಲ್ಲ ಅಲ್ಲಿ ‘ರುತಾನಾ’ ಎಂಬ ಒಂದೇ ಹೆಸರು, ಅರ್ಥವಾಗದ ಗೊಣಗಾಟ ಎಂಬ ಅರ್ಥದಲ್ಲಿ. ಈ ಶಬ್ದ ಓದಿದಾಗ ನನಗೆ ಆ ಬೆಂಚು ನೆನಪಾಯಿತು. ಈ ‘ಗೊಣಗಾಟ’ಕ್ಕೆ ಎಂಟನೇ ಶತಮಾನದ ಹೊತ್ತಿಗೇ ಲಿಪಿಯಿತ್ತು. ಗ್ರೀಕ್, ಕಾಪ್ಟಿಕ್ ಅಕ್ಷರಗಳ ಜೊತೆ ಮೆರೋಯಿಯ ಕೆಲವು ಅಕ್ಷರ ಸೇರಿಸಿ ಹದಿನೈದನೇ ಶತಮಾನದವರೆಗೂ ಬರೆದರು. ಆಮೇಲೆ ಬರಹ ನಿಂತಿತು, ಮಾತು ಉಳಿಯಿತು. ಹಲ್ಫಾ ಕಡೆಯವರದು ನೊಬೀನ್. ಡಾಂಗೊಲಾದವರು ತಮ್ಮ ಭಾಷೆಯನ್ನು ‘ಅಂದಾಂದಿ’ ಎನ್ನುತ್ತಾರೆ. ಅರ್ಥ, ನಮ್ಮ ಮನೆಯದು. ಕನ್ನಡದಲ್ಲಿ ಇದಕ್ಕೆ ಸರಿಯಾದ ಶಬ್ದ ಮೊದಲೇ ಇದೆ: ಮನೆಮಾತು.

ಕೀಳೆಂದ ಭಾಷೆ ಒಮ್ಮೆ ದೇಶವನ್ನೇ ಕಾಯಿತು. 1973ರ ಯುದ್ಧಕ್ಕೆ ಮುಂಚೆ ಈಜಿಪ್ಟ್ ಸೇನೆಯ ಸಂದೇಶಗಳನ್ನು ಇಸ್ರೇಲ್ ಬಿಡಿಸಿ ಓದುತ್ತಿತ್ತು. ನೂಬಿಯನ್ ಭಾಷೆಯನ್ನೇ ಸಂಕೇತವಾಗಿ ಬಳಸಿ, ಅದನ್ನು ಬರೆಯುವವರಿಲ್ಲ, ಹೊರಗಿನವರು ಕಲಿಯಲಾರರು ಎಂದು ಸೂಚಿಸಿದವರು ಅಹಮದ್ ಇದ್ರೀಸ್ ಎಂಬ ನೂಬಿಯನ್ ಯೋಧ. ವಿಷಯ ಅಧ್ಯಕ್ಷ ಸಾದಾತರವರೆಗೂ ಹೋಯಿತೆಂದು ಅವರೇ ಮುಂದೆ ಹೇಳಿಕೊಂಡರು. ಊರು ಮುಳುಗಿ ಇನ್ನೂ ಹತ್ತು ವರ್ಷವಾಗಿರಲಿಲ್ಲ. ಊರು ಕಳೆದುಕೊಂಡವರ ಮಾತಿನಲ್ಲಿ ಆ ದೇಶ ತನ್ನ ಗುಟ್ಟು ಕಾಪಾಡಿಕೊಂಡಿತು.

ಅದಕ್ಕೆ ಸಿಕ್ಕ ಪ್ರತಿಫಲವೇನು? ಈಜಿಪ್ಟಿನ 2014ರ ಸಂವಿಧಾನದ 236ನೇ ವಿಧಿ ನೂಬಿಯನ್ನರನ್ನು ಹತ್ತು ವರ್ಷದೊಳಗೆ ಮೂಲ ನೆಲದ ಬಳಿಗೆ ಮರಳಿಸುವ ಮಾತು ಕೊಟ್ಟಿತು. ಅದೇ ವರ್ಷ ಹೊರಟ 444ನೇ ಆದೇಶ ಅದೇ ನೆಲದ ದೊಡ್ಡ ಭಾಗವನ್ನು ಗಡಿಯ ಸೇನಾ ವಲಯವೆಂದು ಸಾರಿತು. 2017ರ ಸೆಪ್ಟೆಂಬರಿನಲ್ಲಿ ದಫ್ ಬಾರಿಸುತ್ತ, ಹಾಡುತ್ತ ಅಸ್ವಾನಿನ ಬೀದಿಯಲ್ಲಿ ನಡೆದವರನ್ನು ಪೊಲೀಸರು ಹಿಡಿದೊಯ್ದರು. ನಮ್ಮ ಉರುಸು, ಮೌಲೂದುಗಳಲ್ಲಿ ಬಾರಿಸುತ್ತೇವಲ್ಲ, ಅದೇ ದಫ್. 2024ರ ಜನವರಿಗೆ ಹತ್ತು ವರ್ಷ ತುಂಬಿತು, ಮಾತು ಮಾತಾಗಿಯೇ ಉಳಿದಿತ್ತು. ಸುಡಾನಿನ ಕಥೆಯೂ ಬೇರೆಯಲ್ಲ. 2007ರಲ್ಲಿ ಕಜ್ಬಾರಿನಲ್ಲಿ ಮತ್ತೊಂದು ಅಣೆಕಟ್ಟು ಬೇಡವೆಂದು ಹೊರಟ ಮೆರವಣಿಗೆಯ ಮೇಲೆ ಗುಂಡು ಹಾರಿ ನಾಲ್ವರು ಸತ್ತರು.

ಫರಸ್‌ನ ಮರಳಿನಲ್ಲಿ ಹೂತುಹೋಗಿದ್ದ ಚರ್ಚಿನ ಗೋಡೆಚಿತ್ರಗಳನ್ನು ನೀರು ಬರುವ ಮುನ್ನ ಪೋಲೆಂಡಿನ ತಂಡ ಕಳಚಿ ತೆಗೆದಿತ್ತು. ಕೆಲವು ವಾರ್ಸಾಕ್ಕೆ, ಕೆಲವು ಖಾರ್ತೂಮಿನ ಮ್ಯೂಸಿಯಮ್ಮಿಗೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾಯಿತು. 2025ರ ಮಾರ್ಚಿನಲ್ಲಿ ಸೇನೆ ಖಾರ್ತೂಮನ್ನು ಮರಳಿ ಪಡೆದಾಗ ಆ ಮ್ಯೂಸಿಯಮ್ ಕೊಳ್ಳೆಹೋಗಿತ್ತು. ವಾರ್ಸಾದಲ್ಲಿ ಉಳಿದಿರುವ ಚಿತ್ರಗಳಲ್ಲಿ ಒಂದು, ಹಜರತ್ ಮರ್ಯಮರ ತಾಯಿಯದು. ನಾವು ಹನ್ನಾ ಎನ್ನುತ್ತೇವೆ. ದೊಡ್ಡ ಕಣ್ಣುಗಳು, ತುಟಿಯ ಮೇಲೆ ಒಂದು ಬೆರಳು. ಪ್ರಾರ್ಥನೆಯ ಮೌನ ಅದು ಎಂದು ತಿಳಿದವರು ಹೇಳುತ್ತಾರೆ.

ಮಾತು ಮಾತ್ರ ಇನ್ನೂ ಸುಮ್ಮನಾಗಿಲ್ಲ. ಮುಖ್ತಾರ್ ಖಲೀಲ್ ಕಬ್ಬಾರಾ ಎಂಬ ನೂಬಿಯನ್ ವಿದ್ವಾಂಸರು ಹಳೆಯ ಲಿಪಿಯಲ್ಲೇ ಮತ್ತೆ ಬರೆಯೋಣ ಎಂದು ದಾರಿ ತೋರಿದರು. ಇವತ್ತಿನ ಹುಡುಗರು ನೂಬಿಯನ್ ಕಲಿಸುವ ಮೊಬೈಲ್ ಆ್ಯಪ್ ಮಾಡಿಕೊಂಡಿದ್ದಾರೆ.

ಈ ರಂಜಾನಿನಲ್ಲಿ ಮತ್ತೆ ಆ ಅಧ್ಯಾಯ ಓದಿದೆ. ಲುಕ್ಮಾನರು ಮಗನನ್ನು ಕೂರಿಸಿಕೊಂಡು ಬುದ್ಧಿ ಹೇಳುತ್ತಾರೆ. ಜನರ ಕಡೆ ತಾತ್ಸಾರದಿಂದ ಮುಖ ತಿರುಗಿಸಬೇಡ, ನೆಲದ ಮೇಲೆ ಬೀಗಿ ನಡೆಯಬೇಡ, ದನಿ ತಗ್ಗಿಸು ಎನ್ನುತ್ತಾರೆ. ನಮಗೆ ಅದು ತಲುಪಿದ್ದು ಅರಬ್ಬಿಯಲ್ಲಿ. ಆದರೆ ಅವರು ನೂಬಿಯಾದವರೆಂಬ ಆ ಹಿರಿಯರ ಮಾತು ನಿಜವಾಗಿದ್ದರೆ, ಅಪ್ಪ ಮಗನಿಗೆ ಹೇಳಿದ್ದು ಯಾವ ಭಾಷೆಯಲ್ಲಿ? ಮಗನಿಗೆ ಬುದ್ಧಿ ಹೇಳುವಾಗ ಯಾವ ಅಪ್ಪನೂ ಪರಭಾಷೆ ಹುಡುಕುವುದಿಲ್ಲ. ಮನೆಮಾತಿನಲ್ಲೇ ಹೇಳಿರಬೇಕು. ಜನ ಗೊಣಗಾಟ ಎಂದ ಮಾತನ್ನು ಅಲ್ಲಾಹನು ಕೇಳಿಸಿಕೊಂಡು ಗ್ರಂಥದಲ್ಲಿ ಇಟ್ಟಿದ್ದಾನೆ.

ನಾನಿಮಾ ಈಗಿಲ್ಲ. ಆಕೆಯ ಲುಕ್ಮಾನ್ ಕಥೆಗಳಲ್ಲಿ ನಾಲ್ಕೈದು ಅಮ್ಮಿಗೆ ನೆನಪಿವೆ. ಹೋದ ವಾರ ಮೊಬೈಲನ್ನು ಆಕೆಯ ಮುಂದಿಟ್ಟು ಹೇಳು ಎಂದೆ. ರೆಕಾರ್ಡ್ ಆಗುತ್ತಿದೆ ಎಂದು ಗೊತ್ತಾದದ್ದೇ ತಡ, ಅಮ್ಮಿ ಸೆರಗು ಸರಿಪಡಿಸಿಕೊಂಡು ಶುದ್ಧ ಉರ್ದುವಿನಲ್ಲಿ ಶುರುಮಾಡಿದರು. ‘ಐಸಾ ನಕ್ಕೋ ಅಮ್ಮೀ, ಅಪನ್ ಘರ್ ಮೇ ಬೋಲ್ತೇ ಸೋ ವೈಸಾ ಬೋಲೋ’ ಎಂದೆ. ಹೀಗೆ ಬೇಡ ಅಮ್ಮಿ, ನಾವು ಮನೆಯಲ್ಲಿ ಮಾತಾಡುವ ಹಾಗೆ ಹೇಳು ಎಂದು. ಅಮ್ಮಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ನಕ್ಕು, ಮೊದಲಿನಿಂದ ಶುರುಮಾಡಿದರು.